ಎಣಿಸಿದ ಖೋಖಾ, ಓದದ ಖೋಖಾ

ಠಾಕುರ್ಲಿಯಲ್ಲಿ ಅಂಬರನಾಥ ಲೋಕಲ್ ಹತ್ತಿದರೆ ಕಲ್ಯಾಣ, ವಿಠ್ಠಲವಾಡಿ, ಉಲ್ಹಾಸನಗರ ಕಳೆದು ನಾಲ್ಕನೆಯದೇ ಅಂಬರನಾಥ. ಡೊಂಬಿವಲಿ-ಠಾಕುರ್ಲಿ ಕಡೆಯ ಕನ್ನಡಿಗರಿಗೆ ಆ ಊರೆಂದರೆ ಶಿಲಾಹಾರರ ಕಾಲದ ಶಿವಾಲಯ. ಅದೇ ಊರಿನ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಹಿತ್ತಾಳೆಯ ಪುಟ್ಟ ಪುಟ್ಟ ಬಟ್ಟಲುಗಳು ತಯಾರಾಗುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನೂರರಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಆ ಬಟ್ಟಲನ್ನು ಹಂತ ಹಂತವಾಗಿ ಎಳೆದು ಉದ್ದ ಮಾಡಿ, ಬುಡದಲ್ಲಿ ಕಚ್ಚು ಕೊರೆದರೆ ಅದು ಗುಂಡಿನ ಕವಚ. ಮದ್ದು ಉರಿದು ಗುಂಡು ಹೊರಟುಹೋದ ಮೇಲೆ ಉಳಿಯುವ ಖಾಲಿ ಕವಚಕ್ಕೆ ಮರಾಠಿ ಪತ್ರಿಕೆಗಳು ಪುಂಗಳಿ ಎನ್ನುತ್ತವೆ, ಪೊಲೀಸರು ಖೋಖಾ ಎನ್ನುತ್ತಾರೆ. ಮುಂಬಯಿಯ ಆಡುಮಾತಿನಲ್ಲಿ ಖೋಖಾ ಎಂದರೆ ಕೋಟಿ ರೂಪಾಯಿ ಕೂಡ. 2022ರ ಶಾಸಕರ ಬಂಡಾಯದ ಹೊತ್ತಿಗೆ ಬೀದಿಬೀದಿಯಲ್ಲಿ ಕೇಳಿದ ಐವತ್ತು ಖೋಖೆಯ ಘೋಷಣೆ ಅದರದ್ದು. ಇಲ್ಲಿನ ಮಾತು ಹಿತ್ತಾಳೆಯ ಖೋಖಾದ್ದು ಮಾತ್ರ.

ಈ ದೇಶದಲ್ಲಿ ಖೋಖಾಕ್ಕೆ ಸಿಗುವ ಮರ್ಯಾದೆ ಸಣ್ಣದಲ್ಲ. ಪೊಲೀಸರ ಚಾಂದಮಾರಿ ಮುಗಿದ ಮೇಲೆ ಹಾರಿಸಿದ ಗುಂಡೆಷ್ಟು, ಹೆಕ್ಕಿದ ಖೋಖಾ ಎಷ್ಟು ಎಂದು ತಾಳೆ ನೋಡುತ್ತಾರೆ. ಒಂದು ಕಡಿಮೆ ಬಿದ್ದರೆ ಸಿಪಾಯಿಗಳು ಹುಲ್ಲಿನಲ್ಲಿ ಬೆರಳಾಡಿಸುತ್ತಾ ಹುಡುಕಬೇಕು. ಎಣಿಕೆ ಸರಿಹೋದರೆ ಚೀಲ ಕಟ್ಟಿ ವಾಪಸು ಕಳಿಸುತ್ತಾರೆ. ಎಣಿಸಬೇಕಾದ್ದೇ, ಕಳ್ಳಸಂತೆಗೆ ಹೋಗದಂತೆ ಕಾಯಲೇಬೇಕು. ಆದರೆ ಆ ಖೋಖಾ ಪಿಸ್ತೂಲಿನಿಂದ ಹೇಗೆ ಹೊರಬಂತು, ಎಲ್ಲಿ ಬಿತ್ತು, ಹತ್ತೂ ಒಂದೇ ಕಡೆ ಬಿದ್ದವೋ, ಒಂದೊಂದು ಒಂದೊಂದು ದಿಕ್ಕಿಗೆ ಹಾರಿದವೋ, ಯಾವುದರ ಅಂಚು ಕಿತ್ತುಬಂದಿದೆ ಎಂದು ಕೇಳುವವರು ಅಪರೂಪ. ಖೋಖಾವನ್ನು ಸರ್ಕಾರಿ ಸ್ವತ್ತೆಂದು ಎಣಿಸಿ ಮುಗಿಸುತ್ತೇವೆ. ಅದು ಪಿಸ್ತೂಲಿನ ಆರೋಗ್ಯದ ವರದಿ ಎಂಬುದು ನೆನಪಾಗುವುದಿಲ್ಲ.

ಓದುವ ಅಗತ್ಯ ಕಾಣದಿರುವುದಕ್ಕೆ ಕಾರಣ ಎಲ್ಲೆಡೆ ಬೇರೂರಿರುವ ಒಂದು ನಂಬಿಕೆ. ಪಿಸ್ತೂಲಿನ ಭರವಸೆ ಅದರ ಮೈಮೇಲಿನ ಮುದ್ರೆಯಲ್ಲಿದೆ, ದೇಶಿಯಾದರೆ ಕೈಕೊಡುತ್ತದೆ, ವಿದೇಶಿಯಾದರೆ ಕೊಡುವುದಿಲ್ಲ ಎಂಬ ನಂಬಿಕೆ ಅದು. ಅದಕ್ಕೆ ಅಂಟಿಕೊಂಡು ಇನ್ನೊಂದಿದೆ: ಮೈದಾನಕ್ಕೆ ಒಯ್ದು ಒಂದೆರಡು ಮ್ಯಾಗಜೀನ್ ಹಾರಿಸಿದಾಗ ನಿಲ್ಲದಿದ್ದರೆ ಪರೀಕ್ಷೆ ಪಾಸು. ಚಹಾದ ಅಂಗಡಿಯಿಂದ ಟಿವಿ ಚರ್ಚೆಯವರೆಗೆ, ಪರವಾನಗಿ ಪಿಸ್ತೂಲಿನ ಮಾಲೀಕನಿಂದ ನಿವೃತ್ತ ಅಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಇದೇ. ಎರಡೂ ತಪ್ಪು, ಮತ್ತು ಎರಡನೆಯದು ಮೊದಲನೆಯದಕ್ಕಿಂತ ಅಪಾಯಕಾರಿ.

ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಒಪ್ಪೋಣ. 2018ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಸಂಭಲ್‌ನಲ್ಲಿ ರಾತ್ರಿ ಕಾರ್ಯಾಚರಣೆಯ ನಡುವೆ ಆಯುಧ ಜಾಮ್ ಆದಾಗ ಪೊಲೀಸ್ ಸಿಬ್ಬಂದಿಯೊಬ್ಬರು ಬಾಯಲ್ಲೇ 'ಠಾಂಯ್ ಠಾಂಯ್' ಎಂದು ಕೂಗಿದ ವಿಡಿಯೊ ದೇಶವನ್ನೆಲ್ಲ ನಗಿಸಿತು. 2019ರ ಆಗಸ್ಟ್‌ನಲ್ಲಿ ಬಿಹಾರದ ಸುಪೌಲ್‌ನಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಅವರ ಅಂತ್ಯಸಂಸ್ಕಾರ. ಗೌರವಕ್ಕೆಂದು ಎತ್ತಿ ಹಿಡಿದ 22 ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. ಇದೂ ನಗೆಯ ಸರಕಾಯಿತು. ಆದರೆ ಒಂದೇ ಸಾಲಿನಲ್ಲಿ ನಿಂತ 22 ಬಂದೂಕುಗಳು ಒಂದೇ ಕ್ಷಣದಲ್ಲಿ ಕೆಡುತ್ತವೆಯೇ ಎಂದು ನಕ್ಕವರು ಯೋಚಿಸಬಹುದಿತ್ತು. 22 ಬಂದೂಕುಗಳಿಗೂ ಸಮಾನವಾದದ್ದೇನು? ಗುಂಡಿನ ಪೆಟ್ಟಿಗೆ, ಅದನ್ನಿಟ್ಟ ಉಗ್ರಾಣ, ಹಿಂದಿನ ದಿನ ಯಾರೂ ಮಾಡದ ಪರೀಕ್ಷೆ. ತಯಾರಕನ ಮುದ್ರೆ ಈ ಪಟ್ಟಿಯಲ್ಲಿ ಮೊದಲು ಬರುವುದಿಲ್ಲ.

ಪಿಸ್ತೂಲಿನೊಳಗೆ ನಡೆಯುವುದನ್ನು ಒಮ್ಮೆ ನಿಧಾನವಾಗಿ ನೋಡಿದರೆ ಈ ಮುದ್ರೆಯ ಮೋಹ ಎಷ್ಟು ಪೊಳ್ಳೆಂದು ತಿಳಿಯುತ್ತದೆ. ನಮ್ಮ ಪೊಲೀಸರ ಸೊಂಟದಲ್ಲಿ ಹೆಚ್ಚಾಗಿ ಕಾಣುವ 9 ಮಿಲಿಮೀಟರಿನ 'ಆಟೊ ಪಿಸ್ತೂಲ್ 1ಎ' ಈಶಾಪುರದ ರೈಫಲ್ ಫ್ಯಾಕ್ಟರಿಯದು. ವಂಶ ಹುಡುಕಿಕೊಂಡು ಹೋದರೆ ಕೆನಡಾದ ಇಂಗ್ಲಿಸ್ ಕಂಪನಿ ತಯಾರಿಸಿದ ಹೈ ಪವರ್, ಅಲ್ಲಿಂದ ಬೆಲ್ಜಿಯಂ. ಜಾನ್ ಬ್ರೌನಿಂಗ್ ಆರಂಭಿಸಿ, ಅವನು 1926ರಲ್ಲಿ ತೀರಿಕೊಂಡ ಮೇಲೆ ದ್ಯೂದೊನೆ ಸೈವ್ ಪೂರ್ತಿ ಮಾಡಿ, 1935ರಲ್ಲಿ ಹೊರಬಂದ ವಿನ್ಯಾಸ ಅದು. ಅಂದರೆ 'ದೇಶಿ' ಎಂದು ಮೂಗು ಮುರಿಯುವ ಪಿಸ್ತೂಲಿನ ನಕ್ಷೆ ಜಗತ್ತಿನ ಹತ್ತಾರು ಸೇನೆಗಳು ದಶಕಗಟ್ಟಲೆ ಹೊತ್ತು ತಿರುಗಿದ ನಕ್ಷೆಯೇ.

ಗುಂಡು ಸಿಡಿದಾಗ ಕವಚದೊಳಗಿನ ಒತ್ತಡ 2,000 ವಾತಾವರಣದ ಒತ್ತಡವನ್ನೂ ಮೀರುತ್ತದೆ. ಹಿತ್ತಾಳೆ ಉಬ್ಬಿ, ಗುಂಡು ಕೂರುವ ಚೇಂಬರಿನ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದದ್ದೇ ತಡ, ಮತ್ತೆ ಕೂದಲೆಳೆಯಷ್ಟು ಕುಗ್ಗಿ ಗೋಡೆ ಬಿಡುತ್ತದೆ. ಹಿತ್ತಾಳೆಯನ್ನೇ ಆರಿಸಿರುವುದು ಈ ಉಬ್ಬುವ-ಕುಗ್ಗುವ ಗುಣಕ್ಕಾಗಿ. ಅಷ್ಟರಲ್ಲಿ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಜಾರುವ ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಹೊರಟಿರುತ್ತದೆ. ಅದರಲ್ಲಿರುವ ಉಗುರಿನಂಥ ಕೊಕ್ಕೆ, ಅಂದರೆ ಎಕ್ಸ್‌ಟ್ರಾಕ್ಟರ್, ಕವಚದ ಬುಡದ ಅಂಚನ್ನು ಹಿಡಿದು ಎಳೆಯುತ್ತದೆ. ಪಿಸ್ತೂಲಿನ ಮೈಗೆ ಕೂರಿಸಿದ ಇಜೆಕ್ಟರ್ ಎಂಬ ಗೂಟ ಎದುರಾಗಿ ಇನ್ನೊಂದು ಅಂಚಿಗೆ ಕುಟ್ಟುತ್ತದೆ. ಒಂದು ಕಡೆ ಹಿಡಿತ, ಇನ್ನೊಂದು ಕಡೆ ಪೆಟ್ಟು; ಕವಚ ಚಿಣ್ಣಿ-ದಾಂಡಿನ ಚಿಣ್ಣಿಯ ಹಾಗೆ ಪಲ್ಟಿ ಹೊಡೆದು ಬಲಗಡೆಯ ಕಿಂಡಿಯಿಂದ ಹೊರಗೆ ಚಿಮ್ಮುತ್ತದೆ. ಸ್ಲೈಡ್ ಮುಂದೆ ಬರುತ್ತಾ ಮ್ಯಾಗಜೀನಿನಿಂದ ಮುಂದಿನ ಗುಂಡನ್ನು ದಬ್ಬಿ ಒಳಗೆ ಹಾಕುತ್ತದೆ. ಇಷ್ಟೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತ ಬೇಗ ಮುಗಿಯುತ್ತದೆ.

ಈ ಸರಪಳಿಯಲ್ಲಿ ಕೊಂಡಿಗಳೆಷ್ಟು ಎಣಿಸಿ. ಮದ್ದಿನ ಬಲ, ಹಿತ್ತಾಳೆಯ ಗುಣ, ಚೇಂಬರಿನ ನಯ, ಕೊಕ್ಕೆಯ ಬಿಗಿ, ಗೂಟದ ಉದ್ದ, ಸ್ಪ್ರಿಂಗಿನ ಜೀವ, ಮ್ಯಾಗಜೀನಿನ ತುಟಿ, ಕೊನೆಗೆ ಹಿಡಿದ ಕೈ. ಯಾವುದು ಸೋತರೂ ಮೊದಲು ತಿಳಿಯುವುದು ಖೋಖಾದಲ್ಲಿ. ಮದ್ದು ದುರ್ಬಲವಾದರೆ ಅದು ಕಾಲ ಬಳಿಯೇ ಉದುರುತ್ತದೆ. ಕೊಕ್ಕೆಯ ಬಿಗಿ ಸಡಿಲವಾದರೆ ಒಮ್ಮೆ ಬಲಕ್ಕೆ, ಒಮ್ಮೆ ನೆತ್ತಿಯ ಮೇಲೆ, ಒಮ್ಮೆ ಹಾರಿಸಿದವನ ಹಣೆಗೇ. ಇನ್ನೂ ಸಡಿಲವಾದರೆ ಹೊರಗೆ ಹೋಗಲಾರದೆ ಕಿಂಡಿಯಲ್ಲಿ ಸಿಕ್ಕಿ ಒಲೆಯ ಚಿಮಣಿಯಂತೆ ನೆಟ್ಟಗೆ ನಿಲ್ಲುತ್ತದೆ. ಆಗ ನಮಗೆ ಗೊತ್ತಾಗುತ್ತದೆ, ಪಿಸ್ತೂಲು 'ಜಾಮ್' ಆಯಿತೆಂದು. ಖೋಖಾ ಮಾತ್ರ ಅದಕ್ಕೂ ನೂರು ಗುಂಡು ಮೊದಲಿನಿಂದ ಹೇಳುತ್ತಲೇ ಬಂದಿರುತ್ತದೆ.

ಈಗ ಎರಡನೆಯ ನಂಬಿಕೆ. 'ನೂರು ಗುಂಡು ಹಾರಿಸಿದೆ, ಒಂದೂ ನಿಲ್ಲಲಿಲ್ಲ' ಎಂಬ ಮಾತಿಗೆ ತಲೆದೂಗದವರಿಲ್ಲ. ಲೆಕ್ಕ ಬಲ್ಲವರು ತಲೆದೂಗುವ ಮೊದಲು ಪೆನ್ಸಿಲ್ ತೆಗೆಯುತ್ತಾರೆ. ಒಂದೂ ತಪ್ಪಿಲ್ಲದೆ ನಡೆದ ಪರೀಕ್ಷೆಯಿಂದ ನಾವು ಏನನ್ನು ಹೇಳಬಹುದು ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸರಳ ಸೂತ್ರವಿದೆ. ಮೂರನ್ನು ಪ್ರಯೋಗದ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ, ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದಾದ ತಪ್ಪಿನ ಗರಿಷ್ಠ ಪ್ರಮಾಣ. 100 ಗುಂಡು ಸರಾಗವಾಗಿ ಹಾರಿದವೆಂದರೆ ಸಾಬೀತಾದದ್ದು ಇಷ್ಟೇ: ತಪ್ಪಿನ ಪ್ರಮಾಣ ನೂರಕ್ಕೆ ಮೂರನ್ನು ಮೀರಲಿಕ್ಕಿಲ್ಲ. ನೂರಕ್ಕೆ ಮೂರೆಂದರೆ ಕಡಿಮೆಯಲ್ಲವೇ ಎನ್ನಬೇಡಿ. ಹಾಗೆ ತಪ್ಪುವ ಪಿಸ್ತೂಲು 13 ಗುಂಡಿನ ಮ್ಯಾಗಜೀನನ್ನು ಎಲ್ಲೂ ನಿಲ್ಲದೆ ಮುಗಿಸುವ ಸಾಧ್ಯತೆ ಕೇವಲ ಶೇಕಡಾ 67. ಮೂರು ಮ್ಯಾಗಜೀನಿಗೆ ಒಂದರಲ್ಲಿ ಅದು ನಿಲ್ಲಬಹುದು. ಇನ್ನು ಒಂದೇ ಮ್ಯಾಗಜೀನ್ ಹಾರಿಸಿ ಸಹಿ ಹಾಕುವವರ ಕಥೆ ಕೇಳಿ. ಐದಕ್ಕೊಂದು ತಪ್ಪುವ, ಗುಜರಿಗೆ ಹಾಕಬೇಕಾದ ಪಿಸ್ತೂಲು ಕೂಡ ಹದಿನೆಂಟು ಸಲಕ್ಕೆ ಒಂದು ಸಲ 13 ಗುಂಡನ್ನು ಚೊಕ್ಕವಾಗಿ ಹಾರಿಸಿ ಪಾಸಾಗುತ್ತದೆ.

1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ತನ್ನ ಹೊಸ ಪಿಸ್ತೂಲನ್ನು ಆರಿಸಲು ನಡೆಸಿದ ಪರೀಕ್ಷೆ ಬಂದೂಕುಪ್ರಿಯರ ಪುರಾಣವೇ ಆಗಿದೆ. ಬ್ರೌನಿಂಗ್‌ನ ಕೋಲ್ಟ್ ಒಂದು ಕಡೆ, ಸ್ಯಾವೇಜ್ ಕಂಪನಿಯದು ಇನ್ನೊಂದು ಕಡೆ. ತಲಾ 6,000 ಗುಂಡು. ಕಾದಾಗ ನೀರಿಗದ್ದಿ ಮತ್ತೆ ಹಾರಿಸುವುದು. ಸ್ಯಾವೇಜ್ 37 ಸಲ ನಿಂತಿತು. ಕೋಲ್ಟ್ ಒಮ್ಮೆಯೂ ನಿಲ್ಲಲಿಲ್ಲ. ಮಾರ್ಚ್ 29ಕ್ಕೆ ಅದು ಸೇನೆಯ ಪಿಸ್ತೂಲಾಯಿತು. ಈ ಕಥೆಯನ್ನು ಎಲ್ಲರೂ ಬ್ರೌನಿಂಗ್‌ನ ಪ್ರತಿಭೆಗೆ ಉದಾಹರಣೆಯಾಗಿ ಹೇಳುತ್ತಾರೆ. ಮೇಲಿನ ಸೂತ್ರ ಹಚ್ಚಿ ನೋಡಿ: 6,000ಕ್ಕೆ ಸೊನ್ನೆ ತಪ್ಪೆಂದರೆ 2,000ಕ್ಕೆ ಒಂದಕ್ಕಿಂತ ಹೆಚ್ಚು ತಪ್ಪದು ಎಂಬುದಷ್ಟೇ ಖಚಿತ. ನೂರು ವರ್ಷ ಬಿಟ್ಟು ಅದೇ ಸೇನೆ ಹೊಸ ಪಿಸ್ತೂಲಿಗೆ ಹಾಕಿದ ಷರತ್ತೂ 2,000 ಗುಂಡಿಗೆ ಒಂದು ತಡೆ. ಆ ಮಟ್ಟದ ಭರವಸೆ ಬೇಕಿದ್ದರೆ ಆ ಪ್ರಮಾಣದ ಗುಂಡು ಬೇಕು. ಅದೂ ಒಂದು ಪಿಸ್ತೂಲಿನ ಬಗ್ಗೆ. ಪಕ್ಕದ ಪೆಟ್ಟಿಗೆಯಲ್ಲಿರುವ ಇನ್ನೊಂದರ ಬಗ್ಗೆ ಆ 6,000 ಗುಂಡು ಪ್ರಮಾಣಪತ್ರ ಕೊಡುವುದಿಲ್ಲ.

ಆ ಹೊಸ ಪಿಸ್ತೂಲಿನ ಕಥೆ ವಿದೇಶಿ ಮುದ್ರೆಯ ಭಕ್ತರು ಗೋಡೆಗೆ ಬರೆದಿಟ್ಟುಕೊಳ್ಳಬೇಕಾದದ್ದು. 2017ರ ಜನವರಿಯಲ್ಲಿ ಸಿಗ್ ಸೌರ್ ಕಂಪನಿ ಗ್ಲಾಕ್ ಮೊದಲಾದವರನ್ನು ಹಿಂದೆ ಹಾಕಿ ಅಮೆರಿಕದ ಸೇನೆಯ ಗುತ್ತಿಗೆ ಗೆದ್ದಿತು. ಮರುವರ್ಷ ರಕ್ಷಣಾ ಇಲಾಖೆಯ ಪರೀಕ್ಷಾ ನಿರ್ದೇಶನಾಲಯ ವರದಿ ಕೊಟ್ಟಾಗ, ಸಾಧಾರಣ ಗುಂಡಿನಲ್ಲಿ ಅದರ ಎರಡು ಅಳತೆಗಳಲ್ಲಿ ದೊಡ್ಡ ಪಿಸ್ತೂಲು ಸರಾಸರಿ 343 ಗುಂಡಿಗೆ ಒಮ್ಮೆ, ಚಿಕ್ಕದು 197ಕ್ಕೆ ಒಮ್ಮೆ ನಿಂತಿತ್ತು. ಷರತ್ತು 2,000. ಕೆಲವು ಸಲ ಖಾಲಿ ಖೋಖಾದ ಜೊತೆ ಹಾರಿಸದ ಗುಂಡೂ ಹೊರಗೆ ಹಾರಿಹೋಗುತ್ತಿತ್ತು. ಇಲ್ಲಿಗೆ ನಿಲ್ಲಿಸಿದರೆ 'ಸಿಗ್ ಕೆಟ್ಟದ್ದು' ಎಂಬ ಇನ್ನೊಂದು ಮುದ್ರೆಯ ತೀರ್ಮಾನ ಸಿಕ್ಕೀತು. ವರದಿಯ ಮುಂದಿನ ಅಂಕಿ ನೋಡಿ. ಅದೇ ಪಿಸ್ತೂಲುಗಳಿಗೆ ವಿಶೇಷ ಗುಂಡು ಹಾಕಿದಾಗ ದೊಡ್ಡದರ ಸರಾಸರಿ 708ಕ್ಕೆ, ಚಿಕ್ಕದರದ್ದು 950ಕ್ಕೆ ಏರಿತು. 197 ಇದ್ದದ್ದು 950! ಕಬ್ಬಿಣ ಬದಲಾಗಲಿಲ್ಲ, ಮುದ್ರೆ ಬದಲಾಗಲಿಲ್ಲ, ಗುಂಡು ಬದಲಾಯಿತು. ಇನ್ನೊಂದು ತಮಾಷೆಯೆಂದರೆ ತಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದೇ ಹೋದದ್ದು, ಮತ್ತು ಅದಕ್ಕೆ ಕಾರಣ ಸೈನಿಕರ ಹೆಬ್ಬೆರಳು ಸ್ಲೈಡಿನ ತಡೆಗೀಲಿನ ಮೇಲೆ ಒರಗುತ್ತಿದ್ದದ್ದು. ಹೆಬ್ಬೆರಳಿಗೆ ಯಾವ ದೇಶದ ಮುದ್ರೆ ಹೊಡೆಯುವುದು?

ಗ್ಲಾಕ್‌ಗೂ ಇದೇ ಪಾಠವಾಗಿದೆ. ನಾಲ್ಕನೆಯ ತಲೆಮಾರಿನ ಪಿಸ್ತೂಲುಗಳು ಬಂದಾಗ ಖೋಖಾ ಹಾರಿಸುವವನ ಮುಖಕ್ಕೆ ಬಡಿಯುತ್ತದೆಂಬ ದೂರುಗಳು ಅಮೆರಿಕದಲ್ಲಿ ಎಷ್ಟು ಬಂದವೆಂದರೆ ಇಜೆಕ್ಟರಿನ ಆಕಾರವನ್ನೇ ಬದಲಿಸಬೇಕಾಯಿತು. 2011ರಲ್ಲಿ ಸ್ಪ್ರಿಂಗ್‌ಗಳನ್ನು ಬದಲಿಸಿಕೊಡುವ ಕಾರ್ಯಕ್ರಮವನ್ನೂ ಕಂಪನಿ ನಡೆಸಿತು. ಇರಾಕಿನ ಮರಳಿನಲ್ಲಿ ಅಮೆರಿಕದ ಸೈನಿಕರ ಬೆರೆಟ್ಟಾ ಪಿಸ್ತೂಲುಗಳು ನಿಂತಾಗ ಬೈಗಳು ಬಿದ್ದದ್ದು ಇಟಲಿಯ ಕಂಪನಿಗೆ. ತಪ್ಪು ಇದ್ದದ್ದು ಬೇರೊಬ್ಬ ಗುತ್ತಿಗೆದಾರನಿಂದ ತರಿಸಿದ, ಒರಟು ಫಾಸ್ಫೇಟ್ ಲೇಪದ ಮ್ಯಾಗಜೀನುಗಳಲ್ಲಿ. ಮರಳು ಆ ಒರಟಿಗೆ ಕಚ್ಚಿಕೊಂಡು ಗುಂಡು ಮೇಲೆ ಬರುತ್ತಿರಲಿಲ್ಲ. ನಯವಾದ ಲೇಪ ಬಂದ ಮೇಲೆ ತಗಾದೆ ಇಳಿಯಿತು.

ನಮ್ಮ ಕಡೆ ಈ ಸರಪಳಿಯ ಯಜಮಾನ ಯಾರು? 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಫ್ಯಾಕ್ಟರಿ ಬೋರ್ಡನ್ನು ಒಡೆದು ಏಳು ಸರ್ಕಾರಿ ಕಂಪನಿಗಳನ್ನಾಗಿ ಮಾಡಲಾಯಿತು. ಹಿತ್ತಾಳೆ ಬಟ್ಟಲಿನ ಅಂಬರನಾಥ ಕಾರ್ಖಾನೆ ನಾಗಪುರದ ಯಂತ್ರ ಇಂಡಿಯಾಕ್ಕೆ ಹೋಯಿತು. ಗುಂಡು ತಯಾರಿಸುವ ಖಡಕಿ ಮತ್ತು ವರಣಗಾಂವ್ ಕಾರ್ಖಾನೆಗಳು ಪುಣೆಯ ಮ್ಯೂನಿಷನ್ಸ್ ಇಂಡಿಯಾಕ್ಕೆ. ಪಿಸ್ತೂಲಿನ ಈಶಾಪುರ ಕಾನ್ಪುರದ ಇನ್ನೊಂದು ಕಂಪನಿಗೆ. ಬಟ್ಟಲು ಒಬ್ಬರದು, ಗುಂಡು ಇನ್ನೊಬ್ಬರದು, ಪಿಸ್ತೂಲು ಮತ್ತೊಬ್ಬರದು. ಮೂರೂ ಸೇರಿ ಕೆಲಸ ಮಾಡಬೇಕಾದದ್ದು ಕೊಕ್ಕೆ ಕವಚದ ಅಂಚನ್ನು ಹಿಡಿಯುವ ಒಂದು ಮಿಲಿಮೀಟರ್ ಜಾಗದಲ್ಲಿ. ಪ್ರತಿಯೊಬ್ಬರ ಮಾಲೂ ಅವರವರ ಅಳತೆಗೆ ಸರಿಯಿದ್ದೂ ಆ ಜಾಗದಲ್ಲಿ ತಪ್ಪಬಹುದು. ಹಾಗೆ ತಪ್ಪಿತೋ ಇಲ್ಲವೋ ಎಂದು ತಿಳಿಯುವುದು ಕಾರ್ಖಾನೆಯಲ್ಲಲ್ಲ, ಕೊನೆಗೆ ಪಿಸ್ತೂಲು ಇರುವ ಠಾಣೆಯಲ್ಲಿ. ಆದ್ದರಿಂದ ಪರೀಕ್ಷೆಯೂ ಅಲ್ಲೇ, ಆ ಪಿಸ್ತೂಲಿನಲ್ಲೇ, ಅದು ಹೊರಬೇಕಾದ ಗುಂಡಿನಲ್ಲೇ ನಡೆಯಬೇಕು.

ಕೈಯ ವಿಷಯ ಬಂತು. ಸ್ಲೈಡ್ ಹಿಂದಕ್ಕೆ ಪೂರ್ತಿ ಓಡಬೇಕಾದರೆ ಪಿಸ್ತೂಲಿನ ಮೈ ಅಲ್ಲಾಡದೆ ನಿಂತಿರಬೇಕು. ಮಣಿಕಟ್ಟು ಸಡಿಲ ಬಿಟ್ಟರೆ ಮೈಯೂ ಹಿಂದಕ್ಕೆ ಸರಿದು ಸ್ಲೈಡಿನ ಓಟ ಅರ್ಧಕ್ಕೆ ಸೋಲುತ್ತದೆ, ಖೋಖಾ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಯಗೊಂಡವನ ಕೈ, ಓಡಿ ದಣಿದವನ ಕೈ, ಎಡಗೈ, ಇವೆಲ್ಲ ಸಡಿಲವಾದ ಕೈಗಳೇ. ಮೈದಾನದಲ್ಲಿ ಎರಡೂ ಕೈಯಲ್ಲಿ ಬಿಗಿಹಿಡಿದು ಪಾಸಾದ ಪಿಸ್ತೂಲು ಆ ಕೈಗಳಲ್ಲಿ ನಪಾಸಾಗಬಹುದು. 2022ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಖಲೀಲಾಬಾದ್ ಠಾಣೆಯಲ್ಲಿ ಮೇಲಧಿಕಾರಿಯ ತಪಾಸಣೆಯ ಎದುರೇ ಸಿಬ್ಬಂದಿಯೊಬ್ಬರು ಗುಂಡನ್ನು ನಳಿಗೆಯ ಬಾಯಿಂದ ಹಾಕಿ ತೋರಿಸಿದ್ದರು. ಗ್ಲಾಕ್ ಕೊಟ್ಟಿದ್ದರೆ ಅದರ ಬಾಯಿಗೂ ಹಾಕುತ್ತಿದ್ದರು, ಅಷ್ಟೇ. 26/11ರ ಮುಂಬಯಿ ದಾಳಿಯ ಬಳಿಕ ಮಹಾರಾಷ್ಟ್ರ ಸರ್ಕಾರ ನೇಮಿಸಿದ ಆರ್.ಡಿ. ಪ್ರಧಾನ್ ಸಮಿತಿ 2009ರಲ್ಲೇ, ಅಭ್ಯಾಸಕ್ಕೆ ಗುಂಡಿಲ್ಲದ ಮುಂಬಯಿ ಪೊಲೀಸರ ಸ್ಥಿತಿಯನ್ನು ಎತ್ತಿ ತೋರಿಸಿತ್ತು. ಆ ದಾಳಿಯ ನಂತರ ಜನರಿಗೆ ನೆನಪುಳಿದದ್ದು ಹಳೆಯ .303 ರೈಫಲುಗಳ ಚಿತ್ರ. ಅಭ್ಯಾಸದ ಗುಂಡಿನ ಕೊರತೆಗೆ ಚಿತ್ರವಿಲ್ಲ, ಹಾಗಾಗಿ ಅದು ಮರೆತುಹೋಯಿತು.

ಪಿಸ್ತೂಲು ಎಂದರೆ ಒತ್ತಿದರೆ ಸಿಡಿಯುವ ವಸ್ತು ಎಂಬ ಭಾವನೆ ಎಷ್ಟು ಆಳಕ್ಕಿಳಿದಿದೆ ಎಂಬುದಕ್ಕೆ ಅಂಬರನಾಥವಿರುವ ಥಾಣೆ ಜಿಲ್ಲೆಯಲ್ಲೇ ಸಾಕ್ಷಿಯಿದೆ. 2024ರ ಸೆಪ್ಟೆಂಬರ್ 23ರಂದು ಬದಲಾಪುರದ ಶಾಲಾ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದ ಆರೋಪಿ ಮುಂಬ್ರಾ ಬೈಪಾಸಿನ ಬಳಿ ಪೊಲೀಸ್ ವಾಹನದೊಳಗೆ ಗುಂಡೇಟಿಗೆ ಸತ್ತ. ಅವನು ಅಧಿಕಾರಿಯ ಪಿಸ್ತೂಲು ಕಸಿದು ಹಾರಿಸಿದ ಎಂಬುದು ಪೊಲೀಸರ ಹೇಳಿಕೆ. ಎರಡು ದಿನಗಳ ನಂತರ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ರೇವತಿ ಮೋಹಿತೆ ದೇರೆ ಮತ್ತು ಪೃಥ್ವಿರಾಜ್ ಚವಾಣ್ ಕೇಳಿದ ಪ್ರಶ್ನೆಗಳು ಯಂತ್ರ ಬಲ್ಲವರ ಪ್ರಶ್ನೆಗಳು: ಪಿಸ್ತೂಲಿನ ಲಾಕ್ ತೆಗೆದಿತ್ತೇ, ಸ್ಲೈಡ್ ಎಳೆಯಲು ಬಲ ಬೇಕಲ್ಲವೇ, ಅಭ್ಯಾಸವಿಲ್ಲದವನಿಗೆ ಅದು ಆಗುತ್ತದೆಯೇ? ಪ್ರಕರಣದ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ದಿನದವರೆಗೆ ಟಿವಿಯಲ್ಲಿ ಪರವಾಗಿ ಕೂಗಿದವರೂ ವಿರೋಧವಾಗಿ ಕೂಗಿದವರೂ ಸ್ಲೈಡ್ ಎಂಬ ಪದವನ್ನು ಉಚ್ಚರಿಸಿದ್ದು ಅಪರೂಪ.

ಖಾಸಗಿ ಪರವಾನಗಿದಾರರ ಲೋಕ ಇನ್ನೂ ವಿಚಿತ್ರ. 9 ಮಿಲಿಮೀಟರ್ ನಾಗರಿಕರಿಗೆ ನಿಷಿದ್ಧ; ಅವರಲ್ಲಿ ಹೆಚ್ಚಿನವರ ಬಳಿ ಇರುವುದು .32. ಈ ಗುಂಡಿನ ಬುಡದ ಅಂಚು ಮೈಗಿಂತ ಕೊಂಚ ಹೊರಚಾಚಿದೆ. ಮ್ಯಾಗಜೀನಿನಲ್ಲಿ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಕದಲುವುದಿಲ್ಲ. ಆಗ ಬೈಗಳು ತಿನ್ನುವುದು ಪಿಸ್ತೂಲು, ತಪ್ಪು ತುಂಬಿದ ಬೆರಳುಗಳದು. ವರ್ಷಕ್ಕೆ ಇಷ್ಟೇ ಗುಂಡು ಎಂದು ಪರವಾನಗಿಯಲ್ಲಿ ಬರೆದಿರುತ್ತದೆ, ಹಾಗಾಗಿ ಹಲವರು ಹಾರಿಸುವುದೇ ಇಲ್ಲ. ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ, ಆಯುಧಪೂಜೆಗೆ ಕುಂಕುಮ, ಉಳಿದ ದಿನ ಕಪಾಟು. ಇನ್ನು ಕೆಲವರಿಗೆ ಮದುವೆ ಮೆರವಣಿಗೆಯೇ ಪರೀಕ್ಷಾ ಮೈದಾನ. ಹಾಗೆ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ರಿವಾಲ್ವರ್ ಕೊಂಡರೆ ಈ ತಾಪತ್ರಯವಿಲ್ಲ ಎನ್ನುವವರೂ ಇದ್ದಾರೆ. ಉರಿಯದ ಮದ್ದಿನ ನಾಲ್ಕು ಕಾಳು ಅದರ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರಿನಡಿ ಸೇರಿದರೆ ಚಕ್ರ ತಿರುಗುವುದಿಲ್ಲ. ಅದನ್ನು ಬಿಡಿಸಲು ಪಿಸ್ತೂಲಿಗಿಂತ ಹೆಚ್ಚು ಹೊತ್ತು ಬೇಕು.

ವಿರೋಧಿಸುವವರ ಗಟ್ಟಿ ವಾದ ಒಂದೇ: ಅಭ್ಯಾಸಕ್ಕೇ ಗುಂಡಿಲ್ಲ, ಪರೀಕ್ಷೆಗೆ 6,000 ಎಲ್ಲಿಂದ ತರುವುದು? ಸರಿಯಾದ ಪ್ರಶ್ನೆ. ಗುಂಡು ಕಡಿಮೆ ಇರುವುದರಿಂದಲೇ ಖೋಖಾ ಓದಬೇಕು. 'ನಿಂತಿತು, ನಿಲ್ಲಲಿಲ್ಲ' ಎಂದು ಬರೆದುಕೊಳ್ಳುವ ಪರೀಕ್ಷೆಯಲ್ಲಿ ಸರಾಗವಾಗಿ ಹಾರಿದ 99 ಗುಂಡೂ ಹೊಸದೇನನ್ನೂ ಹೇಳದೆ ಸುಟ್ಟುಹೋಗುತ್ತವೆ. ಖೋಖಾ ಎಲ್ಲಿ ಬಿತ್ತು ಎಂದು ನೋಡುವ ಪರೀಕ್ಷೆಯಲ್ಲಿ ಪ್ರತಿ ಗುಂಡೂ ಒಂದು ಅಳತೆ ಕೊಡುತ್ತದೆ. ಹೃದಯ ನಿಂತಿತೇ ಎಂದು ಕಾಯುತ್ತಾ ಕೂರುವ ವೈದ್ಯನಿಗೂ ನಾಡಿ ಹಿಡಿಯುವ ವೈದ್ಯನಿಗೂ ಇರುವ ವ್ಯತ್ಯಾಸ ಅದು.

ಅಮೆರಿಕದಲ್ಲಿ 1911 ಮಾದರಿಯ ತಜ್ಞ ಹಿಲ್ಟನ್ ಯಾಮ್ ಬಳಕೆಗೆ ತಂದ ಒಂದು ಪರೀಕ್ಷೆಯ ಉಪಾಯ ಸೊಗಸಾಗಿದೆ. ಚೇಂಬರಿಗೆ ಒಂದು ಗುಂಡು ಹಾಕಿ, ಮ್ಯಾಗಜೀನ್ ಕಳಚಿಟ್ಟು ಹಾರಿಸುವುದು. ಸಾಮಾನ್ಯವಾಗಿ ಮ್ಯಾಗಜೀನಿನ ಮೇಲಿನ ಗುಂಡು ಖೋಖಾಕ್ಕೆ ಕೆಳಗಿನಿಂದ ಆನಿಕೆ ಕೊಡುತ್ತದೆ. ಕೊಕ್ಕೆ ಸೋತಿದ್ದರೂ ಆ ಆನಿಕೆಯ ಮೇಲೆ ಸಂಸಾರ ಸಾಗುತ್ತಿರುತ್ತದೆ. ಆನಿಕೆ ತೆಗೆದಾಗ ಕೊಕ್ಕೆಯ ನಿಜವಾದ ತಾಕತ್ತು ಬಯಲಾಗುತ್ತದೆ. ಹೀಗೆ ಹಾರಿಸಿದ ಏಳೆಂಟು ಖೋಖಾಗಳು ಒಂದೇ ಕಡೆಗೆ ಒಂದೇ ರಭಸದಲ್ಲಿ ಬಿದ್ದರೆ ಕೊಕ್ಕೆ ಗಟ್ಟಿ. ಕೈಮೇಲೆ ಉದುರಿದರೆ, ಮ್ಯಾಗಜೀನಿನ ಖಾಲಿ ಜಾಗದಿಂದ ಕೆಳಗೆ ಜಾರಿದರೆ, ಕೊಕ್ಕೆಗೆ ಆಯುಧ ದುರಸ್ತಿ ಮಾಡುವ ಆರ್ಮರರ್ ಕೈಹಾಕಬೇಕು. ಹೈ ಪವರ್ ವಿನ್ಯಾಸದಲ್ಲಿ ಇದಕ್ಕೊಂದು ತೊಡಕಿದೆ. ಫ್ರೆಂಚ್ ಸೇನೆಯ ಬೇಡಿಕೆಯಂತೆ, ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದ ವ್ಯವಸ್ಥೆಯನ್ನು ಅದರಲ್ಲಿ ಸೇರಿಸಲಾಗಿತ್ತು. ಅಂಥ ಪಿಸ್ತೂಲಿಗೆ ಖಾಲಿ ಮ್ಯಾಗಜೀನ್ ಸಿಕ್ಕಿಸಿದರೆ ಆಯಿತು. ಮೇಲೆ ಗುಂಡಿಲ್ಲ, ಗುಂಡಿನ ಆನಿಕೆಯೂ ಇಲ್ಲ.

ಹಾಗೆಂದು ಗಡಿಯಾರದ ಮುಳ್ಳಿನ ಶಾಸ್ತ್ರಕ್ಕೆ ಜೋತುಬೀಳುವುದೂ ಬೇಡ. ಖೋಖಾ ಮೂರು ಗಂಟೆಯಿಂದ ಐದು ಗಂಟೆಯ ದಿಕ್ಕಿಗೇ ಬೀಳಬೇಕು, ಒಂದು ಗಂಟೆಯ ಕಡೆ ಬಿದ್ದರೆ ಪಿಸ್ತೂಲು ಕೆಟ್ಟಿತು ಎಂದು ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಬದಲಿಸುವ ಹವ್ಯಾಸಿಗಳಿದ್ದಾರೆ. ಒಂದೊಂದು ವಿನ್ಯಾಸಕ್ಕೂ ಒಂದೊಂದು ದಿಕ್ಕು. ಮುಖ್ಯವಾದದ್ದು ಎಲ್ಲವೂ ಒಂದೇ ಕಡೆ ಬೀಳುತ್ತವೆಯೇ, ಮತ್ತು ಕಳೆದ ವರ್ಷ ಬಿದ್ದ ಕಡೆಯೇ ಈ ವರ್ಷವೂ ಬೀಳುತ್ತವೆಯೇ ಎಂಬುದು. ಅದಕ್ಕೆ ಕಳೆದ ವರ್ಷದ ದಾಖಲೆ ಇರಬೇಕು. ಇಂದು ಪ್ರತಿ ಪೇದೆಯ ಜೇಬಿನಲ್ಲಿರುವ ಮೊಬೈಲು ನಿಧಾನಗತಿಯ ವಿಡಿಯೊ ತೆಗೆಯುತ್ತದೆ. ಒಂದು ಕಾಲದಲ್ಲಿ ಪ್ರಯೋಗಾಲಯಗಳಲ್ಲಷ್ಟೇ ಇದ್ದ ಸೌಕರ್ಯ ಅದು. ಮ್ಯಾಗಜೀನುಗಳ ತಳಕ್ಕೆ ಬಣ್ಣದಲ್ಲಿ ನಂಬರು ಬರೆದರೆ ತಡೆ ಪಿಸ್ತೂಲಿನದೋ ಮೂರನೇ ನಂಬರಿನ ಮ್ಯಾಗಜೀನಿನದೋ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಖರ್ಚು ಒಂದು ಡಬ್ಬಿ ಪೇಂಟು.

ಕ್ರೀಡೆ ಈ ವಿಷಯದಲ್ಲಿ ಇಲಾಖೆಗಳಿಗಿಂತ ಪ್ರಾಮಾಣಿಕ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸುಬೇದಾರ್ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುಂಡನ್ನು ಎಂಟು, ಆರು, ಕೊನೆಗೆ ನಾಲ್ಕು ಸೆಕೆಂಡಿನಲ್ಲಿ ಹಾರಿಸಬೇಕು. ಪಿಸ್ತೂಲು ನಿಂತಾಗ ಮನ್ನಣೆ ಕೇಳಬೇಕಾದರೆ ಸ್ಪರ್ಧಿ ಅದನ್ನು ಬಡಿದು ಸರಿಮಾಡುವಂತಿಲ್ಲ, ತೆರೆಯುವಂತಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಇನ್ನೊಂದು ಕೈ ಎತ್ತಬೇಕು. ಅಧಿಕಾರಿ ಬಂದು ನೋಡುತ್ತಾರೆ. ಖೋಖಾ ಹೊರಬರದೆ ಸಿಕ್ಕಿದ್ದರೆ ಅದು ಮನ್ನಿಸಬಹುದಾದ ತಡೆ. ಗುಂಡು ತುಂಬಲು ಮರೆತಿದ್ದರೆ, ಸೇಫ್ಟಿ ಹಾಗೇ ಇದ್ದರೆ, ಮನ್ನಿಸಲಾಗದ್ದು. ಯಂತ್ರದ ತಪ್ಪು ಯಾವುದು, ಕೈಯ ತಪ್ಪು ಯಾವುದು ಎಂದು ಜಾಗದಲ್ಲೇ ಬೇರ್ಪಡಿಸಿ ಬರೆಯುತ್ತಾರೆ. ನಮ್ಮ ಸೇನೆ-ಪೊಲೀಸ್ ತರಬೇತಿಯಲ್ಲಿ ಕಲಿಸುವುದು 'ರೋಕ್' ಮತ್ತು 'ಫೌರಿ ಇಲಾಜ್', ಅಂದರೆ ತಡೆ ಮತ್ತು ತಕ್ಷಣದ ಚಿಕಿತ್ಸೆ. ಮ್ಯಾಗಜೀನನ್ನು ತಟ್ಟು, ಸ್ಲೈಡ್ ಎಳೆ, ಮತ್ತೆ ಹಾರಿಸು. ಜೀವ ಉಳಿಸುವ ವಿದ್ಯೆ, ಬೇಕೇಬೇಕು. ಆದರೆ ಚಾಂದಮಾರಿಯಲ್ಲೂ ಅಷ್ಟಕ್ಕೇ ನಿಲ್ಲಿಸಿದಾಗ ಎಳೆದ ಸ್ಲೈಡಿನ ಜೊತೆ ಸಾಕ್ಷಿಯೂ ಹುಲ್ಲಿಗೆ ಹಾರುತ್ತದೆ. ಅಂಚು ಹರಿದ ಆ ಒಂದು ಖೋಖಾ ಉಳಿದ ನಲವತ್ತೊಂಬತ್ತರ ಜೊತೆ ಚೀಲ ಸೇರುತ್ತದೆ.

ಚೀಲಕ್ಕೆ ಹಾಕುವ ಮೊದಲು ಅದನ್ನು ಎತ್ತಿ ಬೇರೆ ಇಟ್ಟು, ಪಿಸ್ತೂಲಿನ ನಂಬರು, ಮ್ಯಾಗಜೀನಿನ ನಂಬರು, ಗುಂಡಿನ ಲಾಟ್, ಹಾರಿಸಿದ ಕೈ ಬಲವೋ ಎಡವೋ, ಖೋಖಾ ಸಿಕ್ಕಿದ್ದು ಕಿಂಡಿಯಲ್ಲೋ ಚೇಂಬರಿನಲ್ಲೋ ಎಂದು ಐದು ಮನೆ ತುಂಬಲು ಎರಡು ನಿಮಿಷ ಸಾಕು. ಎಣಿಕೆಯ ರಿಜಿಸ್ಟರಿನ ಎದುರು ಪುಟ ಇದಕ್ಕೆ ಸಾಲುತ್ತದೆ. ಒಂದು ಘಟಕದಲ್ಲಿ ಒಂದು ವರ್ಷ ಹೀಗೆ ಬರೆದರೆ ಯಾವ ಲಾಟಿನ ಗುಂಡು ದುರ್ಬಲ, ಯಾವ ಪಿಸ್ತೂಲಿನ ಕೊಕ್ಕೆ ಸವೆದಿದೆ, ಯಾರ ಮಣಿಕಟ್ಟಿಗೆ ತರಬೇತಿ ಬೇಕು ಎಂಬುದು ಹೆಸರು-ನಂಬರು ಸಮೇತ ಹೊರಬರುತ್ತದೆ. ಆ ಪುಟದ ನಕಲು ನಾಗಪುರ, ಪುಣೆ, ಕಾನ್ಪುರ ಮೂರಕ್ಕೂ ಹೋಗಬೇಕು. ವಿದೇಶಿ ಪಿಸ್ತೂಲಿನ ಟೆಂಡರು ಕರೆಯುವವರ ಮೇಜಿಗೂ ಒಂದು ಪ್ರತಿ ಹೋಗಲಿ, ಅವರು ತರಿಸಲಿರುವ ಪಿಸ್ತೂಲಿಗೂ ನಾಳೆ ಇದೇ ಐದು ಮನೆಗಳನ್ನು ತುಂಬಬೇಕಾಗುತ್ತದೆ.